ಹಾಡಿಗೂ ಬೇಕು ಚುಕ್ಕಿ

ನನ್ನ ಮಗಳು ವಾರವೆಲ್ಲ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಲಗ್ನದ ದಿನ ಬಂತೆಂದರೆ ಮದುವೆಮನೆಗಳಲ್ಲಿ ಡಿಜೆ ಹಾಕುತ್ತಾಳೆ. ಮೊದಲ ಮಾತಿಗೆ ತಲೆದೂಗಿದ ನೀವು ಎರಡನೆಯದಕ್ಕೆ ಹುಬ್ಬೇರಿಸಿದಿರಿ, ಅಲ್ಲವೇ? ಏರಿಸಿ, ಪರವಾಗಿಲ್ಲ. ನಮ್ಮ ಯಳಂದೂರಿನಲ್ಲಿ ಹುಬ್ಬೇರಿಸದವರನ್ನು ಬೆರಳಲ್ಲಿ ಎಣಿಸಬಹುದು.

ಡಿಜೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರವೇ ಬೇರೆ. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಸ್ಪೀಕರುಗಳು, ಗೋಡೆಯ ಮೇಲಿನ ಫೋಟೋ ಅದುರುವಂಥ ಸದ್ದು, ಅದರ ಮುಂದೆ ಬೆವರು ಸುರಿಸಿ ಕುಣಿಯುವ ಹುಡುಗರು. ಅಲ್ಲಿ ಹೆಣ್ಣುಮಗಳಿಗೇನು ಕೆಲಸ ಎಂದು ಕೇಳುವುದು ಸಹಜವೇ. ಆದರೆ ಅರಿಶಿನದ ಸಂಜೆ, ಸೀಮಂತ, ನಾಮಕರಣ, ಹೆಂಗಸರೇ ಸೇರಿ ಮಾಡುವ ಗೌರಿಹಬ್ಬದ ಕಾರ್ಯಕ್ರಮ, ಇಲ್ಲೆಲ್ಲ ಈಗ ಹಾಡು ಬೇಕು, ಕುಣಿತ ಬೇಕು. ಹಾಡು ಹಾಕುವವಳು ಒಬ್ಬ ಹುಡುಗಿಯೇ ಆದರೆ ನಮ್ಮ ಹೆಂಗಸರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಧೈರ್ಯವಾಗಿ ಕುಣಿಯುತ್ತಾರೆ. ನನ್ನ ಮಗಳನ್ನು ಕರೆಯುವುದು ಇಂಥ ಮನೆಗಳಿಗೇ ಹೆಚ್ಚು.

ಹುಬ್ಬೇರಿಸುವವರಿಂದ ನನಗೇನೂ ಬೇಸರವಿಲ್ಲ. ಬೇಸರ ತರುವುದು ಇನ್ನೊಂದು ಮಾತು: "ಅದೇನ್ ದೊಡ್ ಕೆಲ್ಸ ಕಣವ್ವ, ಗುಂಡಿ ಒತ್ತೋದು ತಾನೇ?"

ಅಡುಗೆ ಎಂದರೆ ಒಲೆ ಹಚ್ಚುವುದು ತಾನೇ ಎಂದು ಯಾರಾದರೂ ನಮ್ಮ ಮುಂದೆ ಅಂದರೆ ಹೇಗಿರುತ್ತದೆ? ಕಾಳು ಆರಿಸಿದ್ದು, ನೆನೆಹಾಕಿದ್ದು, ಕಾಯಿ ತುರಿದದ್ದು, ಹುಣಿಸೆಹಣ್ಣು ಕಿವುಚಿದ್ದು ಯಾವುದೂ ಅವರ ಲೆಕ್ಕಕ್ಕಿಲ್ಲ! ಗುಂಡಿ ಒತ್ತುವ ಮೊದಲು ನಮ್ಮ ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದೇ ಈ ಬರಹ. ನಿಮ್ಮ ಮನೆಯಲ್ಲೂ ಲ್ಯಾಪ್‌ಟಾಪ್ ಮುಂದೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವ ಮಗನೋ ಮಗಳೋ ಇದ್ದರೆ, ಇದು ಉಪಯೋಗಕ್ಕೂ ಬಂದೀತು.

ಕುಣಿತ ನಿಲ್ಲುವುದು ಯಾಕೆ?

ನೀವೂ ನೋಡಿರುತ್ತೀರಿ. ಛತ್ರದಲ್ಲಿ ಹಾಡು ಜೋರಾಗಿ ನಡೆಯುತ್ತಿದೆ. ಮದುಮಗಳ ಅತ್ತಿಗೆ, ನಾದಿನಿ, ಸೋದರತ್ತೆ ಎಲ್ಲರೂ ವೃತ್ತ ಕಟ್ಟಿ ಕುಣಿಯುತ್ತಿದ್ದಾರೆ. ಹಾಡು ಮುಗಿಯಿತು. ಒಂದು ಕ್ಷಣ ಮೌನ. ಆಮೇಲೆ ಮುಂದಿನ ಹಾಡು ಶುರುವಾಯಿತು, ಆದರೆ ಅದರ ಮೊದಲ ಇಪ್ಪತ್ತು ಸೆಕೆಂಡು ಬರೀ ಕೊಳಲು, ಇಲ್ಲವೇ ಗಾಳಿಯ ಸದ್ದು. ಕೈ ಮೇಲೆತ್ತಿದವರು ಇಳಿಸುತ್ತಾರೆ. ಒಬ್ಬರು ಮುಖ ಒರೆಸಿಕೊಳ್ಳುತ್ತಾರೆ, ಇನ್ನೊಬ್ಬರಿಗೆ ಮಗುವಿನ ನೆನಪಾಗುತ್ತದೆ. ತಾಳ ಬರುವ ಹೊತ್ತಿಗೆ ಅರ್ಧ ಜನ ಕುರ್ಚಿ ಹಿಡಿದಿರುತ್ತಾರೆ. ಒಮ್ಮೆ ಕೂತ ಹೆಂಗಸರನ್ನು ಮತ್ತೆ ಎಬ್ಬಿಸುವುದು ಎಂಥ ಕಷ್ಟ ಎಂದು ನಿಮಗೆ ಹೇಳಬೇಕೇ?

ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು. ಒಂದು ಹಾಡಿನ ಗಾಯಕ ಇನ್ನೂ ಸಾಲು ಮುಗಿಸಿಲ್ಲ, ಅಷ್ಟರಲ್ಲಿ ಇನ್ನೊಂದು ಹಾಡಿನ ಗಾಯಕಿ ಬಾಯಿ ತೆರೆಯುತ್ತಾಳೆ. ಎರಡು ಕಡೆಯ ಬೀಗರು ಒಟ್ಟಿಗೆ ಜಗಳಕ್ಕೆ ನಿಂತ ಹಾಗೆ! ಕಾಲು ಯಾವ ತಾಳಕ್ಕೆ ಹಾಕಬೇಕೆಂದು ತಿಳಿಯದೆ ಕುಣಿಯುವವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಈ ಎರಡೂ ಆಗದಂತೆ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸುವುದೇ ಡಿಜೆಯ ಕೆಲಸ. ಅದಕ್ಕೆ ಬಳಸುವ ಉಪಾಯದ ಹೆಸರು ಕ್ಯೂ ಪಾಯಿಂಟ್.

ರಂಗೋಲಿಯ ಲೆಕ್ಕ

ಹೆಸರು ಕೇಳಿ ಗಾಬರಿಯಾಗಬೇಡಿ. ನಾವು ರಂಗೋಲಿ ಹಾಕುವಾಗ ಮೊದಲು ಏನು ಮಾಡುತ್ತೇವೆ? ಚುಕ್ಕಿ ಇಡುತ್ತೇವೆ. ಚುಕ್ಕಿ ಸರಿಯಾಗಿದ್ದರೆ ಎಳೆ ತಾನಾಗಿ ಸುತ್ತಿಕೊಂಡು ಬರುತ್ತದೆ. ಕ್ಯೂ ಪಾಯಿಂಟ್ ಎಂದರೆ ಹಾಡಿನ ಮೇಲೆ ಇಡುವ ಚುಕ್ಕಿ. ಕಂಪ್ಯೂಟರಿನಲ್ಲಿ ಹಾಡು ಒಂದು ಉದ್ದನೆಯ ಅಲೆಯ ಹಾಗೆ ಕಾಣಿಸುತ್ತದೆ. ತಾಳದ ಪೆಟ್ಟು ಬಿದ್ದಲ್ಲಿ ಏರು, ಸದ್ದಿಲ್ಲದಲ್ಲಿ ಇಳಿತ. ನಮಗೆ ಬೇಕಾದ ಜಾಗದಲ್ಲಿ ಒಂದು ಗುರುತು ಹಾಕಿ ಉಳಿಸಿಟ್ಟರೆ, ಮುಂದೆ ಯಾವಾಗ ಗುಂಡಿ ಒತ್ತಿದರೂ ಹಾಡು ಸರಿಯಾಗಿ ಅಲ್ಲಿಂದಲೇ ಹೊರಡುತ್ತದೆ. ಸಾಮಾನ್ಯವಾಗಿ ಒಂದು ಹಾಡಿಗೆ ಇಂಥ ಎಂಟು ಗುರುತುಗಳನ್ನು ಬೇರೆ ಬೇರೆ ಬಣ್ಣದಲ್ಲಿ ಇಟ್ಟುಕೊಳ್ಳಬಹುದು.

'ಕ್ಯೂ' ಎಂಬುದು ನಾಟಕದವರ ಮಾತೂ ಹೌದು. ಒಬ್ಬ ಪಾತ್ರಧಾರಿಯ ಕೊನೆಯ ಮಾತು ಕೇಳಿಸಿದೊಡನೆ ಪರದೆಯ ಪಕ್ಕದಲ್ಲಿ ನಿಂತ ಇನ್ನೊಬ್ಬ ರಂಗಕ್ಕೆ ಬರಬೇಕು. ಆ ಸೂಚನೆಯೇ ಕ್ಯೂ. ಡಾ. ರಾಜಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರು ನಮ್ಮ ಕೊಳ್ಳೇಗಾಲದ ಕಡೆಯ ಸಿಂಗಾನಲ್ಲೂರಿನವರು, ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಾತ್ರ ಮಾಡಿದವರು. ಕಂಪನಿ ನಾಟಕದಲ್ಲಿ ಮಾತೂ ಹಾಡೂ ಬೆರೆತಿರುತ್ತಿದ್ದವು. ಹಾರ್ಮೋನಿಯಂ ಎಲ್ಲಿ ಹಿಡಿಯಬೇಕು, ಹಾಡು ಎಲ್ಲಿ ಎತ್ತಬೇಕು ಎಂಬುದು ಮೊದಲೇ ಗೊತ್ತಿರಬೇಕಿತ್ತು. ಅಂದಮೇಲೆ ಈ ವಿದ್ಯೆ ನಮಗೆ ತೀರಾ ಪರದೇಶದ್ದೇನಲ್ಲ.

ನಮ್ಮ ಕಾಲದಲ್ಲೂ ಗುರುತು ಹಾಕುತ್ತಿರಲಿಲ್ಲವೇ? ಮೈಕ್‌ಸೆಟ್ಟಿನವರು ಗ್ರಾಮಾಫೋನ್ ತಟ್ಟೆಯ ಮೇಲೆ ಎರಡು ಹಾಡುಗಳ ನಡುವೆ ನುಣ್ಣಗೆ ಹೊಳೆಯುವ ಪಟ್ಟಿ ನೋಡಿ ಮುಳ್ಳು ಇಳಿಸುತ್ತಿದ್ದರು. ಕ್ಯಾಸೆಟ್ಟಿನ ಕಾಲದಲ್ಲಿ ಟೇಪ್ ರೆಕಾರ್ಡರಿನ ಮೂರಂಕಿಯ ಎಣಿಕೆ ನೋಡಿ, ಇಂಥ ಹಾಡು 147ಕ್ಕೆ ಎಂದು ರಟ್ಟಿನ ಮೇಲೆ ಬರೆದಿಡುತ್ತಿದ್ದೆವು. ಶಾಲಾ ವಾರ್ಷಿಕೋತ್ಸವದ ನೃತ್ಯಕ್ಕೆ ಹಾಡು ಸರಿಯಾದ ಜಾಗದಿಂದ ಬರಲೆಂದು ಪೆನ್ಸಿಲು ತೂರಿಸಿ ಸುರುಳಿ ತಿರುಗಿಸಿದ್ದು ನಿಮಗೆ ನೆನಪಿಲ್ಲವೇ? ಕ್ಯಾಸೆಟ್ಟಿನ ಟೇಪು ಒಂದು ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಕೊಂಚ ಕಡಿಮೆ ಓಡುತ್ತಿತ್ತು. ಬೆರಳಗಲ ತಪ್ಪಿದರೂ ಮಕ್ಕಳ ಮೊದಲ ಹೆಜ್ಜೆ ತಪ್ಪುತ್ತಿತ್ತು!

ಒಬ್ಬ ಅಕ್ಕನೋ ತಂಗಿಯೋ ಇಲ್ಲದೆ ಇಲ್ಲ

ಈ ಕಲೆ ಬೆಳೆದದ್ದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಮಗಳು ಹೇಳಿದ ಆ ಕಥೆ ನನಗೆ ತುಂಬ ಹಿಡಿಸಿತು. 1973ರ ಆಗಸ್ಟ್ 11ರಂದು ಬ್ರಾಂಕ್ಸ್ ಎಂಬ ಬಡವರ ಬಡಾವಣೆಯ ಒಂದು ವಠಾರದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಸಂತೋಷಕೂಟ ಏರ್ಪಡಿಸಿದಳು. ಕಾರಣ ಏನು ಗೊತ್ತೇ? ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಕೊಳ್ಳಲು ಹಣ ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ ದರ. ಹಾಡು ಹಾಕಲು ನಿಂತವನು ಅವಳ ಅಣ್ಣ ಕ್ಲೈವ್. ಜನ ಅವನನ್ನು ಡಿಜೆ ಕೂಲ್ ಹರ್ಕ್ ಎಂದು ಕರೆಯುತ್ತಾರೆ. ಹಾಡಿನ ನಡುವೆ ದನಿ ನಿಂತು ಬರೀ ತಾಳವಾದ್ಯ ಕೇಳಿಸುವ ತುಣುಕಿಗೆ ಜನ ಹುಚ್ಚೆದ್ದು ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ತಟ್ಟೆಗಳನ್ನು ಇಟ್ಟುಕೊಂಡು, ಒಂದರಲ್ಲಿ ಆ ತುಣುಕು ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಹಾಕಿ ಹಿಗ್ಗಿಸುತ್ತಿದ್ದ.

ಅದೇ ಬಡಾವಣೆಯ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಇನ್ನೊಬ್ಬ ಯುವಕ ಇದಕ್ಕೆ ಅಚ್ಚುಕಟ್ಟು ತಂದ. ತಟ್ಟೆಯನ್ನು ಗಡಿಯಾರದ ಮುಖದಂತೆ ನೋಡಿ, ತುಣುಕು ಶುರುವಾಗುವ ಜಾಗಕ್ಕೆ ಮೇಣದ ಬಳಪದಲ್ಲಿ ಗೆರೆ ಎಳೆದ. ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಿದರೆ ಆ ಗೆರೆ ಮತ್ತೆ ಜಾಗಕ್ಕೆ ಬರುತ್ತದೆಂದು ಲೆಕ್ಕ ಹಾಕಿದ. ಇಂದಿನ ಯಂತ್ರದ ಬಣ್ಣದ ಗುರುತುಗಳ ಅಜ್ಜ ಆ ಬಳಪದ ಗೆರೆ. 2001ರಲ್ಲಿ ಜಪಾನಿನ ಪಯೋನಿಯರ್ ಕಂಪನಿ ತಂದ ಸಿಡಿ ಯಂತ್ರದಲ್ಲಿ, ಗುಂಡಿ ಒತ್ತಿದೊಡನೆ ಗುರುತಿನ ಜಾಗಕ್ಕೆ ಹಾರುವ ಅನುಕೂಲ ಬಂತು. ಈಗ ಲ್ಯಾಪ್‌ಟಾಪಿನಲ್ಲೇ ಎಲ್ಲವೂ ಇದೆ. ಬಳಪ ಹೋಯಿತು, ಕಿವಿಗೊಟ್ಟು ಕೇಳುವ ಕೆಲಸ ಮಾತ್ರ ಹಾಗೆಯೇ ಉಳಿಯಿತು.

ನಾಲ್ಕು ಗುರುತುಗಳು

ಈಗ ಮಗಳ ಕ್ರಮ ಹೇಳುತ್ತೇನೆ. ರಾತ್ರಿ ಊಟವಾಗಿ ಪಾತ್ರೆ ತೊಳೆದ ಮೇಲೆ ನಾವಿಬ್ಬರೂ ಕೂರುತ್ತೇವೆ. ಅವಳದು ಲ್ಯಾಪ್‌ಟಾಪು, ನನ್ನದು ಒಂದು ರೂಲು ನೋಟ್‌ಬುಕ್ಕು. ಪ್ರತಿ ಹಾಡಿಗೂ ಅವಳು ಕಡ್ಡಾಯವಾಗಿ ನಾಲ್ಕು ಗುರುತು ಹಾಕುತ್ತಾಳೆ.

ಮೊದಲನೆಯದು ಮೊದಲ ಗಟ್ಟಿ ಪೆಟ್ಟಿಗೆ. ಹಾಡಿನ ಮೊದಲ ಸದ್ದು ಬೇರೆ, ಮೊದಲ ಪೆಟ್ಟು ಬೇರೆ. ಕೊಳಲು, ಮಳೆ, ಗೆಜ್ಜೆ ಎಲ್ಲ ಕಳೆದು ಕಾಲು ನೆಲಕ್ಕೆ ಬೀಳುವ ಕ್ಷಣ ಯಾವುದೋ ಅಲ್ಲಿ. ಎರಡನೆಯದು ದನಿ ಶುರುವಾಗುವ ಕಡೆ. ಮೂರನೆಯದು ಎಲ್ಲರಿಗೂ ಬಾಯಿಗೆ ಬರುವ ಪಲ್ಲವಿಗೆ. ಸಮಯ ಕಡಿಮೆಯಿದ್ದರೆ ನೇರವಾಗಿ ಅಲ್ಲಿಗೇ ಹೋಗಬಹುದು. ನಾಲ್ಕನೆಯದು ಹೊರಗೆ ಬರುವ ಬಾಗಿಲು. ಹಾಡು ಪೂರ್ತಿ ಮುಗಿಯುವ ತನಕ ಕಾಯದೆ, ಇಲ್ಲಿಂದ ಬಿಟ್ಟು ಹೋದರೆ ಯಾರಿಗೂ ಅಡಚಣೆಯಾಗದು ಎನ್ನುವ ಜಾಗ.

ಇನ್ನು ಎಣಿಕೆ. ಕುಣಿತದ ಹಾಡುಗಳು ಹೆಚ್ಚಾಗಿ ನಾಲ್ಕು ಪೆಟ್ಟಿನ ಲೆಕ್ಕದಲ್ಲಿ ನಡೆಯುತ್ತವೆ. ಅಂಥ ಎಂಟು ಸುತ್ತು, ಅಂದರೆ 32 ಪೆಟ್ಟು ಆದಾಗ ಹಾಡಿನಲ್ಲಿ ಏನಾದರೂ ಬದಲಾಗುವುದು ವಾಡಿಕೆ. ದನಿ ಬರುತ್ತದೆ, ಇಲ್ಲವೇ ಹೊಸ ವಾದ್ಯ ಸೇರುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡಾದರೆ 32 ಪೆಟ್ಟಿಗೆ 16 ಸೆಕೆಂಡು. 96 ಪೆಟ್ಟಿನ ನಿಧಾನದ ಹಾಡಾದರೆ 20 ಸೆಕೆಂಡು.

ಹೊಸ ಹಾಡಿನಲ್ಲಿ ದನಿ ಬರುವ ಮುನ್ನ 32 ಪೆಟ್ಟಿನ ವಾದ್ಯ ಇದೆಯೆನ್ನಿ. ಹಳೆಯ ಹಾಡಿನಲ್ಲಿ ಕೊನೆಯ ಪಲ್ಲವಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ 32 ಪೆಟ್ಟು ಹಿಂದಕ್ಕೆ ಎಣಿಸಿ ಇನ್ನೊಂದು ಗುರುತು ಹಾಕಬೇಕು. ಕಾರ್ಯಕ್ರಮದಲ್ಲಿ ಹಳೆಯ ಹಾಡು ಆ ಗುರುತಿಗೆ ಬಂದಾಗ ಹೊಸ ಹಾಡಿನ ಗುಂಡಿ ಒತ್ತಿದರಾಯಿತು. ಹಳೆಯ ಗಾಯಕ ಬಾಯಿ ಮುಚ್ಚುವುದಕ್ಕೂ ಹೊಸ ಗಾಯಕಿ ಬಾಯಿ ತೆರೆಯುವುದಕ್ಕೂ ಸರಿಹೋಗುತ್ತದೆ. ಎರಡು ದನಿ ಡಿಕ್ಕಿ ಹೊಡೆಯುವುದಿಲ್ಲ, ನಡುವೆ ಖಾಲಿಯೂ ಬೀಳುವುದಿಲ್ಲ.

ಪಂಕ್ತಿಯಲ್ಲಿ ಬಡಿಸುವವರನ್ನು ನೋಡಿ. ಸಾರನ್ನ ಎಲೆಯಲ್ಲಿ ಇನ್ನೆರಡು ತುತ್ತು ಇರುವಾಗಲೇ ಪಾಯಸದ ಬೋಗುಣಿ ಪಂಕ್ತಿಯ ತುದಿಗೆ ಬಂದಿರಬೇಕು. ಎಲೆ ಖಾಲಿಯಾದ ಮೇಲೆ ಒಳಗಿನಿಂದ ಹೊರಟರೆ ಉಣ್ಣುವವರು ಕೈ ಒಣಗಿಸಿಕೊಂಡು ಕೂರಬೇಕಾಗುತ್ತದೆ. ಅನ್ನದ ಮೇಲೇ ಪಾಯಸ ಸುರಿದರಂತೂ ಕೇಳುವುದೇ ಬೇಡ! ಲೆಕ್ಕ ಅಷ್ಟೇ.

ಇನ್ನೊಂದು ಗುಟ್ಟು. ಎರಡು ಹಾಡೂ ಒಟ್ಟಿಗೆ ಇರುವ ಆ ಹದಿನಾರು ಸೆಕೆಂಡಿನಲ್ಲಿ ಎರಡರ ದಪ್ಪ ಸದ್ದೂ ಒಟ್ಟಿಗೆ ಇರಬಾರದು. ಇದ್ದರೆ ಬರೀ ಗುಂಯ್‌ಗುಟ್ಟುತ್ತದೆ. ಹೊಸದರ ದಪ್ಪ ಸದ್ದನ್ನು ಮೊದಲು ಇಳಿಸಿಟ್ಟು, ಗುರುತಿನ ಪೆಟ್ಟಿಗೆ ಸರಿಯಾಗಿ ಹಳೆಯದರದನ್ನು ಇಳಿಸಿ ಹೊಸದರದನ್ನು ಏರಿಸಬೇಕು. ವೇಗವೂ ಹತ್ತಿರವಿರಬೇಕು. 120ರ ಹಾಡಿನ ಪಕ್ಕ 124ರದು ಕೂರುತ್ತದೆ, ಯಂತ್ರದಲ್ಲಿ ಒಂದಿಷ್ಟು ಏರಿಸಿ ಇಳಿಸಿ ಸರಿಮಾಡಬಹುದು. 96ರ ಪಕ್ಕ 128ರದನ್ನು ಎಳೆದು ಕೂರಿಸಿದರೆ ಗಾಯಕಿಯ ದನಿ ಕೀರಲು ಓಟವಾಗುತ್ತದೆ.

ಯಂತ್ರಕ್ಕೆ ತಿಳಿಯದ್ದು

"ಈಗಿನ ಕಂಪ್ಯೂಟರೇ ತಾಳ ಲೆಕ್ಕ ಹಾಕುತ್ತದಂತಲ್ಲ, ನಿಮಗೇನು ಕೆಲಸ?" ಎಂದು ನೀವು ಕೇಳಬಹುದು. ಹಾಕುತ್ತದೆ, ನಿಜ. ಯಂತ್ರದಲ್ಲೇ ತಯಾರಾದ ಹೊಸ ಹಾಡುಗಳಿಗೆ ಆ ಲೆಕ್ಕ ಸರಿಯಾಗಿಯೇ ಬರುತ್ತದೆ. ಆದರೆ ನಮ್ಮ ಹೆಂಗಸರು ಕೇಳುವುದು ಹಳೆಯ ಹಾಡುಗಳನ್ನು. ಅವನ್ನು ಮನುಷ್ಯರೇ ಕೂತು ತಬಲ, ಢೋಲಕ್ಕು ಬಾರಿಸಿ ನುಡಿಸಿದ್ದು. ಮನುಷ್ಯನ ಕೈ ಚರಣಕ್ಕೆ ಬಂದಾಗ ಒಂದಿಷ್ಟು ನಿಧಾನ, ಪಲ್ಲವಿಗೆ ಬಂದಾಗ ಒಂದಿಷ್ಟು ಚುರುಕು. ಯಂತ್ರ ಒಂದೇ ಸಮನೆ ಗೆರೆ ಎಳೆದುಕೊಂಡು ಹೋಗುತ್ತದೆ, ಹಾಡು ಆ ಗೆರೆಯಿಂದ ಪಕ್ಕಕ್ಕೆ ಸರಿದುಬಿಡುತ್ತದೆ. ಅಂಥ ಹಾಡಿಗೆ ಪ್ರತಿ ಚರಣದ ಮೊದಲ ಪೆಟ್ಟಿಗೂ ಬೇರೆ ಬೇರೆ ಗುರುತು ಬೇಕು. ಅದನ್ನು ಇನ್ನೊಂದರ ಜೊತೆ ತುಂಬ ಹೊತ್ತು ಬೆರೆಸಲೂ ಬಾರದು, ಎಂಟು ಪೆಟ್ಟಿನಲ್ಲಿ ದಾಟಿಬಿಡಬೇಕು.

ನಮ್ಮ ಸೀಮೆಯ ಮಾದಪ್ಪನ ಪದಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ದೇವರಗುಡ್ಡರು ಬೀಸು ಕಂಸಾಳೆ ಹಿಡಿದರೆಂದರೆ ವೇಗ ಏರುತ್ತಾ ಏರುತ್ತಾ ಹೋಗುತ್ತದೆ. ಶುರುವಿನ ಲೆಕ್ಕ ಕೊನೆಗೆ ಉಳಿಯುವುದಿಲ್ಲ. ಇನ್ನು ಕೆಲವು ಜನಪದ ಹಾಡುಗಳು ಮೂರು ಮೂರು ಪೆಟ್ಟಿನಲ್ಲಿ ತೂಗಿಕೊಂಡು ನಡೆಯುತ್ತವೆ. ನಾಲ್ಕರ ಹಾಡಿನ ಮೇಲೆ ಅವನ್ನು ಹೊದಿಸಿದರೆ ಎರಡೂ ಕೆಡುತ್ತವೆ. ಅಂಥ ಕಡೆ ನಾನು ನೋಟ್‌ಬುಕ್ಕಿನಲ್ಲಿ 'ಬೆರೆಸಬೇಡ, ಮುಗಿಸಿ ಎತ್ತು' ಎಂದು ಬರೆಯುತ್ತೇನೆ. ಮಗಳು ಕೊನೆಯ ಪೆಟ್ಟಿಗೆ ಒಂದು ಕೆಂಪು ಗುರುತು ಹಾಕುತ್ತಾಳೆ.

ನನಗೆ ಸಂಗೀತ ಪಾಠವಾಗಿಲ್ಲ. ಆದರೆ ನಲವತ್ತು ವರ್ಷ ರೇಡಿಯೋ ಕೇಳಿಕೊಂಡೇ ಅಡುಗೆ ಮಾಡಿದ ಕಿವಿ ಇದು. ಯಾವ ಹಾಡು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂಬುದು ಗೊತ್ತು. ಮಗಳಿಗೆ ಹಳೆಯ ಹಾಡುಗಳ ಪರಿಚಯ ಕಡಿಮೆ. "ಅಮ್ಮ, ಇದರಲ್ಲಿ ಎರಡನೇ ಚರಣ ಆದ್ಮೇಲೆ ಏನು ಬರುತ್ತೆ?" ಎಂದು ಕೇಳಿದರೆ ಥಟ್ಟನೆ ಹೇಳುತ್ತೇನೆ. ನಿಮಗೂ ಬರುತ್ತದೆ, ನೋಡಿ. ಆ ತಿಳಿವಳಿಕೆಗೆ ಬೆಲೆಯಿದೆಯೆಂದು ಯಾರೂ ನಮಗೆ ಹೇಳಿರಲಿಲ್ಲ, ಅಷ್ಟೇ.

ಅಜ್ಜಿಯರಿಗೆ ಒಂದಿಷ್ಟು ಎಡೆ

ಹೋದ ವರ್ಷ ಮಾಂಬಳ್ಳಿ ಕಡೆಯ ನೆಂಟರ ಮನೆಯಲ್ಲಿ ಅರಿಶಿನ. ಅಂಗಳದಲ್ಲಿ ಚಪ್ಪರ, ಮೂಲೆಯಲ್ಲಿ ಮಗಳ ಮೇಜು. ನಮ್ಮ ಅತ್ತೆಯವರೂ ಬಂದಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಒಂದು ಕಾಲದಲ್ಲಿ ಸುತ್ತಿನ ಹಳ್ಳಿಗಳಲ್ಲಿ ಇವರಿಲ್ಲದೆ ಸೋಬಾನೆ ಪದ ಇಲ್ಲ. ಈಗ ಸ್ಪೀಕರಿನ ಮುಂದೆ ಯಾರಿಗೂ ಆ ದನಿ ಬೇಡವಾಗಿದೆ. ಮದುಮಗಳನ್ನು ಹಸೆಗೆ ಕೂರಿಸುವ ಹೊತ್ತಿಗೂ ಸಿನಿಮಾ ಹಾಡೇ ಓಡುತ್ತಿರುತ್ತದೆ. ಮುದುಕಿಯರು ಆರತಿ ತಟ್ಟೆ ಹಿಡಿದು ಬಾಯಿ ಆಡಿಸುವುದು ಕಾಣಿಸುತ್ತದೆ, ಕೇಳಿಸುವುದಿಲ್ಲ.

ಹಿಂದಿನ ರಾತ್ರಿಯೇ ಅತ್ತೆ ಮೊಮ್ಮಗಳಿಗೆ ಹೇಳಿದ್ದರು: "ನಮ್ಗೂ ಒಂಚೂರು ಎಡೆ ಬುಡು ಮಗ. ಆರತಿಗೆ ಪದ ಯೋಳ್ಬೇಕು. ನಾವೇನ್ ವೊತ್ತುಗಟ್ಲೆ ಯೋಳಕಿಲ್ಲ."

ಮಗಳು ಅದಕ್ಕೂ ಗುರುತು ಹಾಕಿದಳು. ಹಸೆಯ ಮುಂಚಿನ ಹಾಡಿನಲ್ಲಿ ಚರಣ ಮುಗಿದ ಮೇಲೆ ತಾಳವಾದ್ಯ ನಿಂತು ವೀಣೆ ಮಾತ್ರ ಉಳಿಯುವ ಒಂದು ಜಾಗವಿತ್ತು. ಅಲ್ಲಿ ಹೊರಬಾಗಿಲು. ಸದ್ದು ಮೆಲ್ಲಗೆ ಇಳಿಯಿತು, ಆಮೇಲೆ ಪೂರ್ತಿ ನಿಂತಿತು. ಮೊದಲು ಜನ ಕರೆಂಟು ಹೋಯಿತೆಂದುಕೊಂಡರು. ಅಷ್ಟರಲ್ಲಿ ಅತ್ತೆ ಎತ್ತಿದರು. ಇನ್ನಿಬ್ಬರು ಅಜ್ಜಿಯರು ಸೇರಿಕೊಂಡರು. ಆಮೇಲೆ ನಮ್ಮ ವಯಸ್ಸಿನವರು, ಅರ್ಧ ಪದ ಬರುವವರು, ಸೊಲ್ಲು ಮಾತ್ರ ಬರುವವರು. ಮೈಕು ಇಲ್ಲ, ತಾಳ ಇಲ್ಲ. ಚಪ್ಪರದ ತುದಿಯಲ್ಲಿ ಮೊಬೈಲು ನೋಡುತ್ತಿದ್ದ ಹುಡುಗರೂ ತಲೆಯೆತ್ತಿದರು.

ಅತ್ತೆ ಕೊನೆಯ ಸೊಲ್ಲಿಗೆ ದನಿ ಇಳಿಸುವಾಗ ನಾನು ಮಗಳ ಕಡೆ ನೋಡಿದೆ. ಮುಂದಿನ ಹಾಡಿಗೆ 22 ಸೆಕೆಂಡಿನ ಪೀಠಿಕೆಯಿತ್ತು. ಅದನ್ನೆಲ್ಲ ಬಿಟ್ಟು, ತಮಟೆ ಬೀಳುವ ಪೆಟ್ಟಿಗೇ ಅವಳು ಗುರುತು ಹಾಕಿಟ್ಟಿದ್ದಳು. ಅಜ್ಜಿಯರ ದನಿ ಮುಗಿಯಿತು, ಒಂದು ಉಸಿರಿನಷ್ಟು ಬಿಟ್ಟು ತಮಟೆ ಬಿತ್ತು. ಆರತಿ ಇಳಿಸಿದ ಕೈಯಲ್ಲೇ ಹೆಂಗಸರು ಕುಣಿಯತೊಡಗಿದರು. ನಮ್ಮ ಅತ್ತೆಯವರೂ ಎರಡು ಹೆಜ್ಜೆ ಹಾಕಿದರು ಎಂದರೆ ನೀವು ನಂಬಬೇಕು.

ಆ ಸಂಜೆಯಿಂದ ಆ ಕಡೆಯ ಮೂರು ಮನೆಯವರು ಮಗಳನ್ನು ಕರೆದಿದ್ದಾರೆ. ಮೂವರೂ ಕೇಳಿದ್ದು ಒಂದೇ: "ಅಜ್ಜೀರು ಪದ ಹೇಳೋಕೆ ಜಾಗ ಬಿಡ್ತಾಳಲ್ಲ, ಅವಳೇ ಬೇಕು."

ಬಿಡಿಸಬೇಕಂತೆ!

ಈ ವರ್ಷ ಮಾಘದಲ್ಲಿ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯ ಕೆಲಸದಲ್ಲಿದ್ದಾನೆ, ಮನೆತನವೂ ಚೆನ್ನಾಗಿದೆ. ಎಲ್ಲ ಮಾತಾದ ಮೇಲೆ ಹುಡುಗನ ಸೋದರಮಾವ ಹೇಳಿದರು: "ಲೆಕ್ಕದ ಕೆಲಸ ಬೇಕಾದ್ರೆ ಇರಲಿ. ಆ ಹಾಡು ಹಾಕೋದನ್ನ ಮಾತ್ರ ಬಿಡಿಸಿಬಿಡಿ. ನಾಲ್ಕು ಜನ ಏನಂತಾರೆ?"

ಒಂದು ಸಂಜೆಗೆ ಅವಳಿಗೆ ಸಿಗುವುದು 2,500 ರೂಪಾಯಿ. ಲ್ಯಾಪ್‌ಟಾಪಿನ ಸಾಲ ಅದರಲ್ಲೇ ತೀರಿತು, ಅಜ್ಜಿಯ ಕಣ್ಣಿನ ಆಪರೇಷನ್ನಿಗೂ ಅದರಲ್ಲೇ ಒಂದು ಪಾಲು ಬಂತು. ನಮ್ಮ ಯಜಮಾನರಿಗೆ ಸಂಬಂಧ ತಪ್ಪಿಹೋದೀತೆಂಬ ಹೆದರಿಕೆ. ತಂದೆಯ ಹೆದರಿಕೆ ಸುಳ್ಳಲ್ಲ. ವಯಸ್ಸು ಇಪ್ಪತ್ತಾರಾಯಿತು, ಊರು ಚಿಕ್ಕದು. ಅವರು ರಾತ್ರಿ ನಿದ್ದೆಯಿಲ್ಲದೆ ಹೊರಳುವುದು ನನಗೂ ಗೊತ್ತಾಗುತ್ತದೆ.

ಮಗಳನ್ನೇ ಕೇಳಿದೆವು. ಅವಳು ಸಿಟ್ಟಾಗಲಿಲ್ಲ. "ಮುಂದಿನ ತಿಂಗಳು ಕೊಳ್ಳೇಗಾಲದಲ್ಲಿ ಒಂದು ಸೀಮಂತ ಇದೆ. ಆ ಮನೆಯವರನ್ನ ಕೇಳ್ತೀನಿ, ಅವರು ಒಪ್ಪಿದರೆ ಹುಡುಗನ ತಾಯೀನ ಕರ್ಕೊಂಡು ಬನ್ನಿ. ನಾನು ಮಾಡೋ ಕೆಲಸ ನೋಡ್ಲಿ. ನೋಡಿದ ಮೇಲೂ ಬೇಡ ಅಂದ್ರೆ ಅದು ಅವರಿಷ್ಟ. ನೋಡದೇ ಬೇಡ ಅಂದ್ರೆ ನಾನು ಬಿಡೋಲ್ಲ" ಎಂದಳು.

ನಾನು ಆ ಮಾತನ್ನು ಹಾಗೆಯೇ ಹುಡುಗನ ತಾಯಿಗೆ ಫೋನಿನಲ್ಲಿ ಹೇಳಿದೆ. "ಯೋಚನೆ ಮಾಡಿ ಹೇಳ್ತೀನಿ ಅಕ್ಕ" ಅಂದರು. ಸೀಮಂತಕ್ಕೆ ಬರಲಿಲ್ಲ. ಎರಡು ತಿಂಗಳಾಯಿತು, ಉತ್ತರವೂ ಇಲ್ಲ. ಯಜಮಾನರು ಈಗ ಬೇರೆ ಕಡೆ ವಿಚಾರಿಸುತ್ತಿದ್ದಾರೆ. ಜಾತಕದ ಜೊತೆ ಕಳಿಸುವ ವಿವರದಲ್ಲಿ ಈ ಕೆಲಸವನ್ನೂ ಬರೆಯಬೇಕೋ ಬೇಡವೋ ಎಂದು ಒಂದು ವಾರ ಚರ್ಚೆಯಾಯಿತು. ಬರೆಯೋಣ ಎಂದದ್ದು ನಾನು. ಅಡಗಿಸಿ ಮಾಡುವಂಥದ್ದೇನನ್ನೂ ಅವಳು ಮಾಡುತ್ತಿಲ್ಲ.

ಸಂಚಿ ಹೊನ್ನಮ್ಮನ ಊರಮ್ಮ ನಮ್ಮದು. ಮುನ್ನೂರು ವರ್ಷಗಳ ಹಿಂದೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದುಕೊಂಡೇ, ಹಾಡಲು ಬರುವ ಸಾಂಗತ್ಯದಲ್ಲಿ ಕಾವ್ಯ ಬರೆದ ಯಳಂದೂರಿನ ಹೆಣ್ಣುಮಗಳು ಆಕೆ. ದುಡಿಯುತ್ತ, ಹಾಡಿನ ಲೆಕ್ಕವನ್ನೂ ಬಲ್ಲ ಹುಡುಗಿ ಈ ಊರಿಗೆ ಹೊಸಬಳಲ್ಲ.

ಕರೆಯುವವರಿಗೆ, ಕಲಿಯುವವರಿಗೆ

ಕೊನೆಗೆ ನಿಮ್ಮ ಉಪಯೋಗಕ್ಕೆ ನಾಲ್ಕು ಮಾತು.

ನಿಮ್ಮ ಮನೆಯ ಸಮಾರಂಭಕ್ಕೆ ಹಾಡು ಹಾಕುವವರನ್ನು ಕರೆಯುವುದಾದರೆ, ಬೇಕಾದ ಹಾಡುಗಳ ಪಟ್ಟಿಯನ್ನು ಒಂದು ವಾರ ಮೊದಲೇ ಕೊಡಿ. ಅಲ್ಲೇ ನಿಂತು "ಇದು ಹಾಕಪ್ಪ, ಅದು ಹಾಕಪ್ಪ" ಎಂದರೆ ಗುರುತಿಲ್ಲದ ಹಾಡು ಹಾಕಬೇಕಾಗುತ್ತದೆ. ಹಸೆ, ಆರತಿ, ಉಡಿ ತುಂಬುವುದು ಯಾವ ಹೊತ್ತಿಗೆ ಎಂಬುದನ್ನೂ ಬರೆದುಕೊಡಿ.

ಮನೆಯಲ್ಲಿ ಹಿರಿಯರು ಪದ ಹೇಳುವವರಿದ್ದರೆ ಮೊದಲೇ ತಿಳಿಸಿ. ಸದ್ದು ನಿಲ್ಲಿಸುವ ಜಾಗವೂ ಕಾರ್ಯಕ್ರಮದ ಒಂದು ಭಾಗವಾಗಲಿ.

ಹತ್ತು ಗಂಟೆಯ ನಿಯಮ ಮರೆಯಬೇಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನನ್ನ ಮಗಳು ಕೊನೆಯ ಹಾಡನ್ನು 9 ಗಂಟೆ 50 ನಿಮಿಷಕ್ಕೆ ಮುಗಿಯುವಂತೆ ಗುರುತು ಹಾಕಿಟ್ಟಿರುತ್ತಾಳೆ. ಪೊಲೀಸರು ಬಂದು ನಿಲ್ಲಿಸುವುದಕ್ಕಿಂತ ಪಲ್ಲವಿಗೆ ತಾನಾಗಿ ನಿಲ್ಲುವುದು ಎಷ್ಟು ಚೆಂದ!

ಕಲಿಯುವ ಮಕ್ಕಳಿಗೆ: ನೂರು ಹಾಡಿಗೆ ಅರೆಬರೆ ಗುರುತು ಹಾಕುವ ಬದಲು ಇಪ್ಪತ್ತು ಹಾಡನ್ನು ಚೆನ್ನಾಗಿ ಕೇಳಿ, ನಾಲ್ಕು ನಾಲ್ಕು ಗುರುತು ಹಾಕಿ. ಎಲ್ಲ ಹಾಡಿಗೂ ಒಂದು ಬಣ್ಣಕ್ಕೆ ಒಂದೇ ಅರ್ಥವಿರಲಿ. ಗುರುತು ಆ ಫೈಲಿಗೆ ಅಂಟಿಕೊಂಡಿರುತ್ತದೆ. ಅದೇ ಹಾಡನ್ನು ಬೇರೆ ಕಡೆಯಿಂದ ತಂದರೆ ಶುರುವಿನ ಖಾಲಿ ಹೆಚ್ಚು ಕಡಿಮೆಯಾಗಿ ಗುರುತೆಲ್ಲ ಜಾಗ ತಪ್ಪುತ್ತದೆ, ಮತ್ತೆ ಹಾಕಬೇಕು. ಎರಡು ಪೆನ್ ಡ್ರೈವಿನಲ್ಲಿ ಪ್ರತಿ ಇಟ್ಟುಕೊಳ್ಳಿ. ಸಮಯವನ್ನು ಒಂದು ಪುಸ್ತಕದಲ್ಲೂ ಬರೆದಿಡಿ. ಕರೆಂಟು ಹೋದರೂ ಪುಸ್ತಕ ಓದಬಹುದು.

ಆ ಪುಸ್ತಕ ಬರೆಯಲು ಮನೆಯಲ್ಲಿ ಅಮ್ಮನನ್ನು ಕೇಳಿ. ಅವಳಿಗೆ ಹಾಡು ಗೊತ್ತಿರುತ್ತದೆ. ನಮ್ಮ ನೋಟ್‌ಬುಕ್ಕು ಈಗ ಎರಡನೆಯದು ನಡೆಯುತ್ತಿದೆ, 214 ಹಾಡಾಗಿವೆ. ನಾಳೆ ಅವಳು ಯಾವ ಊರಿಗೆ ಸೇರಿದರೂ ಒಂದು ಪ್ರತಿ ಜೊತೆಗೆ ಹೋಗಲಿ ಎಂದು ನಾನು ರಾತ್ರಿ ಹೊತ್ತು ಇನ್ನೊಂದರಲ್ಲಿ ಅಂದವಾಗಿ ನಕಲು ಮಾಡುತ್ತಿದ್ದೇನೆ.